ಬಾಲಕ್ಕೊಂದು ಅಂಕಿ

ಜಾಲತಾಣವೊಂದರಲ್ಲಿ ಹೆಸರು ನೋಂದಾಯಿಸುವ ಸೌಭಾಗ್ಯ ಕೆಲವು ತಿಂಗಳ ಹಿಂದೆ ನನಗೂ ಒದಗಿತ್ತು. ಪಾಸ್‌ವರ್ಡಿನಲ್ಲಿ ಎಂಟಕ್ಕೆ ಕಡಿಮೆಯಿಲ್ಲದ, ಹನ್ನೆರಡಕ್ಕೆ ಮೀರದ ಅಕ್ಷರಗಳಿರಬೇಕು, ಇಂಗ್ಲಿಷಿನ ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಒಂದು ಅಂಕಿ ಇರಬೇಕು, ಒಂದು ವಿಶೇಷ ಚಿಹ್ನೆಯೂ ಇರಬೇಕು, ಆದರೆ ಆ ಚಿಹ್ನೆ ಅವರು ಮೆಚ್ಚಿದ ಐದರ ಪೈಕಿಯೇ ಆಗಿರಬೇಕು ಎಂಬ ಷರತ್ತುಗಳು, ನಾನು ತಪ್ಪಿದಂತೆಲ್ಲ, ಒಂದೊಂದಾಗಿ ಕೆಂಪಕ್ಷರಗಳಲ್ಲಿ ಪ್ರತ್ಯಕ್ಷವಾದವು. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಪರೀಕ್ಷೆಗೆ ಗಾಂಭೀರ್ಯವೆಲ್ಲಿ ಉಳಿದೀತು? ಅಕ್ಷರಗಳಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲದ ಕನ್ನಡ ಲಿಪಿಯಲ್ಲಿ ಬರೆದು ನೋಡಿದೆ. ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ.

ಪಾಸ್‌ವರ್ಡ್ ಮ್ಯಾನೇಜರ್ ಎಂಬ, ನನ್ನ ಪರವಾಗಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ತಂತ್ರಾಂಶ ಹೊಸೆದುಕೊಟ್ಟ ಇಪ್ಪತ್ತನಾಲ್ಕು ಅಕ್ಷರಗಳ ಸರಮಾಲೆಯನ್ನು ಅಂಟಿಸಲು ಹೋದರೆ, ಸುರಕ್ಷತೆಯ ದೃಷ್ಟಿಯಿಂದ ಪೇಸ್ಟ್ ನಿಷೇಧಿಸಲಾಗಿದೆ ಎಂಬ ಉತ್ತರ ಬಂತು. ಕೊನೆಗೆ ಬೇಸತ್ತು, 'ಪಾಸ್‌ವರ್ಡ್' ಎಂಬ ಇಂಗ್ಲಿಷ್ ಪದವನ್ನೇ ದೊಡ್ಡಕ್ಷರದಿಂದ ಆರಂಭಿಸಿ, 'ಎ' ಇರುವಲ್ಲಿ ಅಟ್ ಚಿಹ್ನೆ, 'ಓ' ಇರುವಲ್ಲಿ ಸೊನ್ನೆ ಇಟ್ಟು, ಬಾಲಕ್ಕೆ 1 ಅಂಟಿಸಿ ಒಪ್ಪಿಸಿದೆ. ಬಲ ಅಳೆಯುವ ಪಕ್ಕದ ಪಟ್ಟಿ ಕೂಡಲೇ ಹಸಿರಾಗಿ, ನನ್ನ ಪಾಸ್‌ವರ್ಡ್ 'ಬಲಿಷ್ಠ' ಎಂದು ಪ್ರಮಾಣಪತ್ರ ಕೊಟ್ಟಿತು. ಕಳ್ಳರು ಊಹಿಸಿ ನೋಡುವ ಪದಗಳ ಪಟ್ಟಿಯಲ್ಲಿ ಮೊದಲ ಪುಟಗಳಲ್ಲೇ ಸಿಗುವ ಸರಕು ಅದು.

ವಾರ ಕಳೆಯುವುದರೊಳಗೆ ಬಾಲದಲ್ಲಿದ್ದ ಅಂಕಿ ಯಾವುದೆಂಬ ಅನುಮಾನ ಬಂದು 'ಪಾಸ್‌ವರ್ಡ್ ಮರೆತಿರಾ' ಎಂಬುದನ್ನು ಒತ್ತಿದೆ. ಹೊಸದನ್ನು ಇಟ್ಟುಕೊಳ್ಳಲು ಕೊಂಡಿ ಕಳುಹಿಸುತ್ತಾರೆಂದುಕೊಂಡಿದ್ದೆ. ಅಷ್ಟು ತೊಂದರೆ ನನಗೇಕೆಂದು ಅವರು ನನ್ನ ಹಳೆಯ ಪಾಸ್‌ವರ್ಡನ್ನೇ, ಅಟ್ ಚಿಹ್ನೆಯೂ ಸೊನ್ನೆಯೂ ಸಹಿತ, ಇ-ಮೇಲಿನಲ್ಲಿ ಬರೆದು ಕಳುಹಿಸಿದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನಾನು ನಕ್ಷತ್ರಗಳ ಮರೆಯಲ್ಲಿ ಎರಡೆರಡು ಸಲ ಟೈಪಿಸಿದ ಗುಟ್ಟು ಅವರ ಡೇಟಾಬೇಸಿನಲ್ಲಿ ಬಟ್ಟಬಯಲಿನಲ್ಲಿ ಮಲಗಿತ್ತು.

ಇದಕ್ಕೂ ಒಂದು ಭವ್ಯ ಪರಂಪರೆಯಿದೆ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಹಲವರು ಹಂಚಿಕೊಂಡು ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಫರ್ನಾಂಡೊ ಕಾರ್ಬಾಟೊ ತಂಡ ಪಾಸ್‌ವರ್ಡ್ ಪದ್ಧತಿ ತಂದಿತು. ಒಂದು ದಿನ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗಿ ಬಂತು. ಪಾಪ, ಅದು ಆಕಸ್ಮಿಕ. ನಮ್ಮವರು ಅದನ್ನೇ ಸೇವೆಯಾಗಿ ಒದಗಿಸುತ್ತಿದ್ದಾರೆ. ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಪ್ರತಿಯೊಬ್ಬರದಕ್ಕೂ ಬೇರೆ ಬೇರೆ 'ಸಾಲ್ಟ್' (ಮನಬಂದಂತೆ ಆಯ್ದ ಅಕ್ಷರಗಳ ಚಿಟಿಕೆ) ಬೆರೆಸಿ, ಹಿಂದಿರುಗಿ ಬಿಡಿಸಲಾಗದಂತೆ ಅರೆದು ಇಡಬೇಕೆಂಬುದನ್ನು ಕಂಪ್ಯೂಟರ್ ವಿಜ್ಞಾನಿಗಳಾದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಬರೆದು ಪ್ರಕಟಿಸಿದ್ದರು. ಮೂವತ್ತು ವರ್ಷಗಳ ಬಳಿಕ, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿದಾಗ ಒಂದಕ್ಕೂ ಹೊದಿಕೆ ಇರಲಿಲ್ಲ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದವು ಅರೆದಿದ್ದವೇನೋ ನಿಜ, ಸಾಲ್ಟ್ ಹಾಕುವುದೊಂದು ಮರೆತುಹೋಗಿತ್ತು.

ಇನ್ನು ಆ ದೊಡ್ಡಕ್ಷರ, ಅಂಕಿ, ಚಿಹ್ನೆಗಳ ವ್ರತ. ಅದನ್ನು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ ಬರೆದುಕೊಟ್ಟ ಬಿಲ್ ಬರ್ ಅವರೇ 2017ರಲ್ಲಿ, ತಾನು ಮಾಡಿದ್ದರ ಬಹುಪಾಲಿನ ಬಗ್ಗೆ ಈಗ ಪಶ್ಚಾತ್ತಾಪವಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ನಿಸ್ಟ್ ಕೂಡ ಅದೇ ವರ್ಷ ಮಾತು ಬದಲಿಸಿತು: ಇಂಥಿಂಥ ಅಕ್ಷರಗಳೇ ಇರಬೇಕೆಂದು ಹೇರಬೇಡಿ, ಸೋರಿಕೆಯ ಸುಳಿವಿಲ್ಲದೆ ಕಾಲಕಾಲಕ್ಕೆ ಬದಲಿಸಿ ಎನ್ನಬೇಡಿ, ಪೇಸ್ಟ್‌ಗೆ ಬಿಡಿ, 64 ಅಕ್ಷರಗಳಿಗಾದರೂ ಜಾಗ ಕೊಡಿ, ಈಗಾಗಲೇ ಸೋರಿಹೋದ ಪಾಸ್‌ವರ್ಡುಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಶಾಸ್ತ್ರ ಬರೆದವರೇ ತಪ್ಪೊಪ್ಪಿಕೊಂಡರೂ ಭಕ್ತರು ವ್ರತ ಬಿಟ್ಟಿಲ್ಲ.

ನಗು ಸಾಕು. ಒಂದೇ ಪಾಸ್‌ವರ್ಡನ್ನು ಜನ ಹತ್ತು ಕಡೆ ಬಳಸುತ್ತಾರೆ ಎಂಬುದು ಇಂಥ ನೋಂದಣಿ ಪುಟಗಳಿಗೆ ಕೋಡ್ ಬರೆಯುವ ಪ್ರತಿಯೊಬ್ಬನಿಗೂ ಗೊತ್ತು. ಹಾಗಾಗಿ ಅವನ ಸೋಮಾರಿತನದ ಬೆಲೆಯನ್ನು ಅವನ ಕಂಪನಿಯಲ್ಲ, ಬಳಕೆದಾರರು ತಮ್ಮ ಇ-ಮೇಲಿನಲ್ಲಿ, ಬ್ಯಾಂಕ್ ಖಾತೆಯಲ್ಲಿ ತೆರುತ್ತಾರೆ. ಸಾಲ್ಟ್ ಬೆರೆಸಿ ಅರೆದುಕೊಡುವ ಬಿಕ್ರಿಪ್ಟ್ ಎಂಬ ಸಾಧನ 1999ರಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಅದನ್ನು ಬಳಸಲು ಬೇಕಾಗುವುದು ನಾಲ್ಕಾರು ಸಾಲುಗಳ ಕೋಡ್. ನನ್ನ ಪೇಸ್ಟ್ ತಡೆಯುವ ಕೋಡ್ ಬರೆಯಲು ಪುರುಸೊತ್ತಿದ್ದವರಿಗೆ ಇದಕ್ಕೆ ಪುರುಸೊತ್ತಿರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ.

ಖಾತೆಯನ್ನೇ ಅಳಿಸಿಬಿಡೋಣವೆಂದು ನಿನ್ನೆ ಹೋದೆ. ತೊಂಬತ್ತು ದಿನ ಕಳೆದದ್ದರಿಂದ ಪಾಸ್‌ವರ್ಡಿನ ವಾಯಿದೆ ಮುಗಿದಿದೆ, ಹೊಸದನ್ನು ಇಡದ ಹೊರತು ಮುಂದೆ ಹೋಗುವಂತಿಲ್ಲ ಎಂದಿತು. ಅಟ್ ಚಿಹ್ನೆ, ಸೊನ್ನೆ ಇದ್ದಲ್ಲೇ ಇವೆ; ಬಾಲದ 1 ಈಗ 2 ಆಗಿದೆ. ಪಟ್ಟಿ ಮತ್ತೆ ಹಸಿರಾಯಿತು.