ಗೋಲ್ಡ್ ಆಗಿದೆ ಎಂದರೆ ಮುಗಿದಿದೆ ಎಂದಲ್ಲ

ಅಕ್ಕನ ಮಗನಿಗೆ ಗೇಮ್ ಕಂಪನಿಯೊಂದರಲ್ಲಿ ಟೆಸ್ಟರ್ ಕೆಲಸ ಸಿಕ್ಕಿದೆ. ಸೇರುವ ಮೊದಲೇ ಓದಿಕೊಂಡು ಬನ್ನಿ ಎಂದು ಅವರು ನಾಲ್ಕು ಪುಟದ ಪದಪಟ್ಟಿಯೊಂದನ್ನು ಕಳುಹಿಸಿದ್ದಾರೆ. ಅದನ್ನವನು ನನಗೆ ದಾಟಿಸಿ, "ಮಾವ, ಇದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು, ಹೇಳಿ" ಎಂದ.

ಹಾಗೆ ಕೇಳುವುದಕ್ಕೆ ಅವನಿಗೆ ಕಾರಣವಿದೆ. 2020ರ ಅಕ್ಟೋಬರ್ 5ರಂದು ಸೈಬರ್‌ಪಂಕ್ 2077 ಆಟ ‘ಗೋಲ್ಡ್’ ಆಗಿದೆ, ಅಂದರೆ ಅಂತಿಮ ಪ್ರತಿ ಸಿದ್ಧವಾಗಿದೆ ಎಂದು ಅದರ ತಯಾರಕರು ಸಾರಿದಾಗ, ಇನ್ನು ನಿಶ್ಚಿಂತೆಯಿಂದಿರು, ಆಟ ಮುಗಿದ ಹಾಗೆಯೇ ಎಂದು ಅವನಿಗೆ ಭರವಸೆ ಕೊಟ್ಟವನು ನಾನು. 27ರಂದು ಅದೇ ತಯಾರಕರು ಬಿಡುಗಡೆಯನ್ನು 21 ದಿನ ಮುಂದಕ್ಕೆ ಹಾಕಿದರು. ಗೋಲ್ಡ್ ಎಂದರೆ ಕೆಲಸ ನಿಲ್ಲಿಸಿದ್ದೇವೆ ಎಂದಲ್ಲ ಎಂಬ ವಿವರಣೆಯೂ ಬಂತು. ಡಿಸೆಂಬರ್ 10ರಂದು ಹೊರಬಂದ ಆಟ ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕುಂಟುತ್ತಿತ್ತೆಂದರೆ, ಸುಮಾರು ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿತು. ಮರಳಿ ಇಟ್ಟದ್ದು 2021ರ ಜೂನ್‌ನಲ್ಲಿ. ಅಂದಿನಿಂದ ಆ ಹುಡುಗನ ಬಳಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಆರು ವರ್ಷ ನಾನೂ ಟೆಸ್ಟರ್ ಆಗಿದ್ದವನು. ಪಟ್ಟಿಯನ್ನು ಎರಡು ಸಲ ಓದಿದೆ. ಓದುತ್ತಾ ಹೋದಂತೆ ಹಳೆಯದೊಂದು ಅನುಮಾನ ಗಟ್ಟಿಯಾಯಿತು. ಈ ಉದ್ಯಮದಲ್ಲಿ ಎರಡು ಭಾಷೆಗಳಿವೆ. ಆಟವನ್ನು ಕೈಯಾರೆ ಕಟ್ಟುವವರು ಹುಟ್ಟಿಸಿದ ಪದಗಳು ಇದ್ದದ್ದನ್ನು ಇದ್ದಂತೆ ಹೇಳುತ್ತವೆ. ಹಣದ ಕೋಣೆಯಲ್ಲಿ ಹುಟ್ಟಿದ ಪದಗಳು ಇದ್ದದ್ದರ ಮೇಲೆ ಮುಸುಕು ಎಳೆಯುತ್ತವೆ. ಕೆಲವು ಪದಗಳು ಮೊದಲನೆಯ ಮನೆಯಲ್ಲಿ ಹುಟ್ಟಿ ಎರಡನೆಯ ಮನೆಗೆ ದತ್ತು ಹೋಗಿವೆ. ಕೆಟ್ಟಿರುವುದು ಹೆಚ್ಚಾಗಿ ಅವೇ.

ಗೋಲ್ಡ್ ಅಂಥದ್ದೊಂದು. ಆಟಗಳು ಸಿಡಿಯಲ್ಲಿ ಬರುತ್ತಿದ್ದ ಕಾಲದಲ್ಲಿ, ಬರೆಯಬಲ್ಲ ಖಾಲಿ ಡಿಸ್ಕ್‌ಗಳು ಚಿನ್ನದ ಬಣ್ಣದವಾಗಿದ್ದವು. ಅಂತಿಮ ಪ್ರತಿಯನ್ನು ಅದರಲ್ಲಿ ಬರೆದು ಕಾರ್ಖಾನೆಗೆ ಕಳುಹಿಸಿದರೆ, ಅಲ್ಲಿ ಅದರಿಂದ ಸಾವಿರಾರು ಪ್ರತಿಗಳನ್ನು ಅಚ್ಚೊತ್ತುತ್ತಿದ್ದರು. ಡಿಸ್ಕ್ ಕೈ ಬಿಟ್ಟಿತೆಂದರೆ ಬಾಣ ಬಿಲ್ಲನ್ನು ಬಿಟ್ಟ ಹಾಗೆ. ಒಳಗೆ ತಪ್ಪು ಉಳಿದಿದ್ದರೆ ಅದೂ ಸಾವಿರಾರು ಪ್ರತಿಗಳಾಗಿ ಮನೆಮನೆ ಸೇರುತ್ತಿತ್ತು. ಹಾಗಾಗಿ ಆ ಪದದಲ್ಲಿ ಹೆಮ್ಮೆಯಷ್ಟೇ ಭಯವೂ ಇತ್ತು. ಆಮೇಲೆ ಇಂಟರ್ನೆಟ್ ಬಂತು, ‘ಡೇ ಒನ್ ಪ್ಯಾಚ್’ ಬಂತು, ಅಂದರೆ ಬಿಡುಗಡೆಯ ದಿನವೇ ಇಳಿಸಿಕೊಳ್ಳಬೇಕಾದ ತಿದ್ದುಪಡಿ. ಭಯ ಹೋಯಿತು, ಹೊಳಪು ಮಾತ್ರ ಉಳಿಯಿತು. ಈಗ ಗೋಲ್ಡ್ ಎನ್ನುವುದು ಸಿಹಿ ಹಂಚುವ ಪ್ರಕಟಣೆ, ಅಷ್ಟೇ.

ಬೀಟಾದ ಕಥೆಯೂ ಇದೇ. ಆಲ್ಫಾ ಎಂದರೆ ಆಟದಲ್ಲಿ ಇರಬೇಕಾದ ವ್ಯವಸ್ಥೆಗಳೆಲ್ಲ ಹೇಗೋ ಸೇರಿವೆ, ಮೊದಲಿನಿಂದ ಕೊನೆಯವರೆಗೆ ಬಿದ್ದೆದ್ದು ಹೋಗಬಹುದು ಎಂಬ ಸ್ಥಿತಿ. ಬೀಟಾ ಎಂದರೆ ಚಿತ್ರ, ಸದ್ದು, ಮಾತು ಎಲ್ಲ ಕೂಡಿವೆ, ಇನ್ನು ತಪ್ಪು ತಿದ್ದುವುದೊಂದೇ ಬಾಕಿ ಎಂಬ ಸ್ಥಿತಿ. ಈಗ ಬಿಡುಗಡೆಗೆ ಮೂರು ವಾರವಿರುವಾಗ, ಮುಂಗಡ ಕೊಟ್ಟವರಿಗೆ ಎರಡು ದಿನ ಮೊದಲು ಎಂಬ ಆಮಿಷದೊಂದಿಗೆ ‘ಓಪನ್ ಬೀಟಾ’ ಬರುತ್ತದೆ. ಸರ್ವರ್ ಎಷ್ಟು ಜನರ ಭಾರ ತಡೆಯುತ್ತದೆ ಎಂದು ನೋಡುವ ಉದ್ದೇಶ ಅದರಲ್ಲಿ ನಿಜವಾಗಿಯೂ ಇರಬಹುದು. ಉಳಿದದ್ದೆಲ್ಲ ಜಾಹೀರಾತು. ಇದಕ್ಕಿಂತ ‘ಅರ್ಲಿ ಆಕ್ಸೆಸ್’ ಎಷ್ಟೋ ಮೇಲು. ಆಟ ಅರ್ಧ ಬೆಂದಿದೆ, ಬೇಕಿದ್ದರೆ ಈಗಲೇ ಕೊಳ್ಳಿ ಎಂದು ಮುಖಕ್ಕೆ ಹೇಳುತ್ತದೆ. ಆಟಗಳನ್ನು ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್ 2013ರಲ್ಲಿ ಈ ಬಾಗಿಲು ತೆರೆದಾಗ ನಾನು ನಕ್ಕಿದ್ದೆ. ಬಾಲ್ಡರ್ಸ್ ಗೇಟ್ 3 ಅದೇ ಬಾಗಿಲಿನಲ್ಲಿ 2020ರ ಅಕ್ಟೋಬರ್‌ನಿಂದ 2023ರ ಆಗಸ್ಟ್‌ವರೆಗೆ, ಹತ್ತಿರ ಹತ್ತಿರ ಮೂರು ವರ್ಷ ಕುಳಿತು, ಆಟಗಾರರ ಬೈಗುಳವನ್ನೆಲ್ಲ ಕೇಳಿಸಿಕೊಂಡು ಹೊರಬಂದದ್ದನ್ನು ನೋಡಿದ ಮೇಲೆ ನಗುವುದನ್ನು ಬಿಟ್ಟೆ.

ಕಟ್ಟುವವರ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ಗ್ರೇಬಾಕ್ಸ್’. ಊರು, ಕೋಟೆ, ಕಾಡು ಯಾವುದನ್ನೇ ಆಗಲಿ ಮೊದಲು ಬರೀ ಬೂದು ಬಣ್ಣದ ಡಬ್ಬಗಳಲ್ಲಿ ಜೋಡಿಸುತ್ತಾರೆ. ಮರವೂ ಡಬ್ಬ, ಮನೆಯೂ ಡಬ್ಬ. ನಾಯಕ ಇಲ್ಲಿಂದ ಅಲ್ಲಿಗೆ ಹಾರಬಲ್ಲನೇ, ಅಡಗಿ ಕೂರಲು ಜಾಗವಿದೆಯೇ ಎಂದು ಅದರಲ್ಲೇ ಆಡಿ ನೋಡುತ್ತಾರೆ. ಬೂದು ಡಬ್ಬದಲ್ಲಿ ಖುಷಿ ಕೊಡದ ಆಟ ಬಣ್ಣ ಬಳಿದರೂ ಕೊಡುವುದಿಲ್ಲ ಎಂದು ನಮ್ಮ ತಂಡದ ಹಿರಿಯರೊಬ್ಬರು ಹೇಳುತ್ತಿದ್ದರು.

ಅದರ ಎದುರು ‘ವರ್ಟಿಕಲ್ ಸ್ಲೈಸ್’ ಇಟ್ಟು ನೋಡಿ. ಹಲವು ಪದರಗಳ ಕೇಕನ್ನು ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿ ತೆಗೆದ ಒಂದು ತುಂಡು ಎಂಬುದು ಕಲ್ಪನೆ. ಇಡೀ ಆಟ ಹೇಗಿರಲಿದೆ ಎಂದು ತೋರಿಸಲು ಹತ್ತು ಹದಿನೈದು ನಿಮಿಷದ ಭಾಗವೊಂದನ್ನು ಪೂರ್ತಿ ತಯಾರಿಸುವುದು. ಕಲ್ಪನೆಯೇನೋ ಸೊಗಸಾಗಿದೆ. ಆದರೆ ಕೇಕೇ ಇಲ್ಲದೆ ತುಂಡು ಎಲ್ಲಿಂದ ಬರಬೇಕು? ನಾನು ಪರೀಕ್ಷಿಸಿದ ಅಂಥದ್ದೊಂದು ತುಂಡಿನಲ್ಲಿ ಅರಮನೆಯ ಉದ್ದನೆಯ ಮೊಗಸಾಲೆಯಿತ್ತು. ದೀಪದ ಬೆಳಕು ನೆಲಹಾಸಿನ ಮೇಲೆ ನಡುಗುವುದನ್ನು ಕೂಡ ತಿಂಗಳುಗಟ್ಟಲೆ ಕೂತು ತಿದ್ದಿದ್ದರು. ಕೊನೆಯಲ್ಲೊಂದು ಬಾಗಿಲು. ನಾಯಕನನ್ನು ಅದಕ್ಕೆ ಹತ್ತು ಕಡೆಯಿಂದ ಡಿಕ್ಕಿ ಹೊಡೆಸಿದೆ. ಅದು ಬಾಗಿಲಲ್ಲ, ಗೋಡೆಯ ಮೇಲೆ ಬರೆದ ಬಾಗಿಲಿನ ಚಿತ್ರ. ಆಚೆಗೆ ಏನೂ ಇರಲಿಲ್ಲ. ಹಣ ಹಾಕುವವರು ಬಂದ ದಿನ, ಆಟವನ್ನು ಆಡಿ ತೋರಿಸುವವರಿಗೆ ಒಂದೇ ಸೂಚನೆ ಇತ್ತು: ಆ ಬಾಗಿಲಿನ ಹತ್ತಿರ ಹೋಗಬೇಡಿ.

ಟೆಸ್ಟರ್‌ಗಳ ಪದಗಳಿಗೆ ಬರುತ್ತೇನೆ. ಹುಡುಗನಿಗೆ ದಿನವೂ ಬೇಕಾಗುವುದು ಇವೇ. ತಪ್ಪು ಕಂಡರೆ ಅದನ್ನು ಬರೆಯಬೇಕು, ಅದು ಮತ್ತೆ ಹೇಗೆ ಕಾಣಿಸುತ್ತದೆ ಎಂಬ ಮೆಟ್ಟಿಲುಗಳನ್ನು ಬರೆಯಬೇಕು, ಹತ್ತು ಸಲಕ್ಕೆ ಎಷ್ಟು ಸಲ ಎಂದು ಬರೆಯಬೇಕು. ನನಗೊಂದು ಕುದುರೆ ಸಿಕ್ಕಿತ್ತು. ಕೆಲವೊಮ್ಮೆ ಅದು ಕೋಟೆಯ ಮೆಟ್ಟಿಲು ಹತ್ತಿ, ಮುಂಭಾಗ ಕೋಣೆಯಲ್ಲಿ, ಹಿಂಭಾಗ ಗೋಡೆಯೊಳಗೆ ಎಂಬಂತೆ ಸಿಕ್ಕಿಕೊಳ್ಳುತ್ತಿತ್ತು. ಬರೆದು ಕಳುಹಿಸಿದೆ. ‘ಮರುಕಳಿಸಲಾಗಲಿಲ್ಲ’ ಎಂಬ ಮುದ್ರೆಯೊಂದಿಗೆ ವಾಪಸ್ ಬಂತು. ಹಟ ಹಿಡಿದು ಎರಡು ಸಂಜೆ ಅದೇ ಮೆಟ್ಟಿಲಿನ ಮುಂದೆ ಕೂತೆ. ಐವತ್ತು ಅರವತ್ತು ಸಲ ಹತ್ತಿಸಿದ ಮೇಲೆ ಗುಟ್ಟು ತಿಳಿಯಿತು. ಆಟದೊಳಗೆ ಮಳೆ ಶುರುವಾಗುವ ಕ್ಷಣದಲ್ಲಿ ಕುದುರೆಯ ಮುಂಗಾಲು ಮೂರನೆಯ ಮೆಟ್ಟಿಲ ಮೇಲಿರಬೇಕು. ಮಳೆಗೆ ಬೆದರಿ ಆಸರೆ ಹುಡುಕು ಎಂದು ಕುದುರೆಗೆ ಯಾರೋ ಕಲಿಸಿದ್ದರು, ಪಾಪ. ಮತ್ತೆ ಬರೆದೆ. ಈ ಸಲದ ಮುದ್ರೆ: ‘ಸರಿಪಡಿಸುವುದಿಲ್ಲ’.

ನನಗೆ ಸಿಟ್ಟು ಬರಲಿಲ್ಲ. ತಪ್ಪು ಇದೆ, ನಿನ್ನ ಮಾತು ನಿಜ, ಆದರೆ ಸಮಯವಿಲ್ಲ, ಇದಕ್ಕಿಂತ ದೊಡ್ಡವು ಇನ್ನೂರಿವೆ ಎಂಬುದೆಲ್ಲ ಆ ಒಂದು ಪದದಲ್ಲಿತ್ತು. ಸಿಟ್ಟು ಬಂದದ್ದು ಬಿಡುಗಡೆಯ ನಂತರ, ಆಟಗಾರರ ದೂರಿಗೆ ಉತ್ತರವಾಗಿ ಅದೇ ಕುದುರೆ ‘ತಂಡದ ಗಮನದಲ್ಲಿರುವ ಸಮಸ್ಯೆ’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಾಗ. ಯಾರ ಗಮನದಲ್ಲೂ ಇರಲಿಲ್ಲ. ಕಡತ ಮುಚ್ಚಿ ನಾಲ್ಕು ತಿಂಗಳಾಗಿತ್ತು.

ಇನ್ನು ಹಣದ ಕೋಣೆ. ಇಲ್ಲಿ ‘ಪಬ್ಲಿಷರ್’ ಎಂದರೆ ಆಟ ಕಟ್ಟುವ ಸ್ಟುಡಿಯೋಗೆ ಹಣ ಕೊಟ್ಟು, ಮಾರುಕಟ್ಟೆಗೆ ತಂದು, ಗಳಿಕೆಯಲ್ಲಿ ಪಾಲು ತೆಗೆದುಕೊಳ್ಳುವವರು. ಹಣ ಒಮ್ಮೆಗೇ ಬರುವುದಿಲ್ಲ, ‘ಮೈಲ್‌ಸ್ಟೋನ್’ ಎಂಬ ಕಂತುಗಳಲ್ಲಿ ಬರುತ್ತದೆ. ಒಂದು ಕಲ್ಲು ಮುಟ್ಟದಿದ್ದರೆ ಆ ತಿಂಗಳ ಸಂಬಳಕ್ಕೆ ತತ್ವಾರ. ಪಟ್ಟಿಯಲ್ಲಿ ‘ರಿಕೂಪ್’ ಎಂಬ ಪದಕ್ಕೆ ‘ಮುಂಗಡವನ್ನು ಮರಳಿ ಪಡೆಯುವುದು’ ಎಂದು ಒಂದೇ ಸಾಲು ಬರೆದಿದ್ದಾರೆ. ಯಾರ ಪಾಲಿನಿಂದ ಎಂಬುದನ್ನು ಬರೆದಿಲ್ಲ. ಲೆಕ್ಕ ಹಾಕಿ ನೋಡೋಣ. ಮುಂಗಡ 100 ನಾಣ್ಯ, ಗಳಿಕೆಯಲ್ಲಿ ಸ್ಟುಡಿಯೋದ ಪಾಲು ಶೇಕಡ 20 ಎಂದುಕೊಳ್ಳಿ. ಆಟ 100 ನಾಣ್ಯ ಗಳಿಸಿದ ಕೂಡಲೇ ಸಾಲ ತೀರಿತು ಎಂದು ಹೊಸಬರು ತಿಳಿಯುತ್ತಾರೆ. ಅನೇಕ ಕರಾರುಗಳಲ್ಲಿ ಮುಂಗಡ ಮುರಿದುಕೊಳ್ಳುವುದು ಸ್ಟುಡಿಯೋದ ಪಾಲಿನಿಂದ ಮಾತ್ರ. ಅಂದರೆ ಆಟ 500 ನಾಣ್ಯ ಗಳಿಸುವವರೆಗೆ ಕಟ್ಟಿದವರ ಕೈಗೆ ಒಂದು ನಾಣ್ಯವೂ ಹೊಸದಾಗಿ ಬರುವುದಿಲ್ಲ. ಅಷ್ಟರಲ್ಲಿ ಪಬ್ಲಿಷರ್ ಕೊಟ್ಟ 100 ಕಳೆದು 400 ಎಣಿಸಿಕೊಂಡಿರುತ್ತಾರೆ. ಜಾಹೀರಾತಿನ ಖರ್ಚು, ಆಟ ಸೋತರೆ ಮುಳುಗುವ ಅಪಾಯ ಅವರದು ಎಂಬುದೂ ನಿಜ. ಅನ್ಯಾಯ ಎಂದು ನಾನು ಹೇಳುತ್ತಿಲ್ಲ, ಆ ಒಂದು ಸಾಲಿನ ಅರ್ಥವಿವರಣೆ ಅನ್ಯಾಯ ಎನ್ನುತ್ತಿದ್ದೇನೆ.

ಲಾಭದ ಪಾಲೇ ಇಲ್ಲದ ಕರಾರುಗಳೂ ಇವೆ. 2010ರಲ್ಲಿ ಬಂದ ಫಾಲ್‌ಔಟ್: ನ್ಯೂ ವೇಗಾಸ್ ಆಟವನ್ನು ಕಟ್ಟಿದ ಅಬ್ಸಿಡಿಯನ್ ಸ್ಟುಡಿಯೋಗೆ ಸಿಕ್ಕದ್ದು ಇಡಿಗಂಟು; ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 85 ಅಂಕ ಬಂದರೆ ಮಾತ್ರ ಬೋನಸ್. ಬಂದದ್ದು 84. ಅಲ್ಲಿನ ವಿನ್ಯಾಸಕಾರ ಕ್ರಿಸ್ ಅವೆಲೋನ್ 2012ರಲ್ಲಿ ಇದನ್ನು ಬಹಿರಂಗವಾಗಿ ಹೇಳಿದ ಮೇಲೆ, ವಿಮರ್ಶೆ ಬರೆಯುವ ನನ್ನ ಗೆಳೆಯನೊಬ್ಬ ಬಹಳ ದಿನ ಅಂಕ ಕೊಡಲು ಹಿಂಜರಿಯುತ್ತಿದ್ದ.

ಜೂಜುಕಟ್ಟೆಯಿಂದ ಎರವಲು ತಂದ ಪದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ನಾಲಿಗೆ ಹರಿಯುತ್ತದೆ. ಉಚಿತ ಆಟದಲ್ಲಿ ರಾಶಿ ಹಣ ಸುರಿಯುವವನಿಗೆ ‘ವೇಲ್’ ಎಂದು ಹೆಸರು, ತಿಮಿಂಗಿಲ. ಮನುಷ್ಯನನ್ನು ಹೀಗೆ ಬೇಟೆಯ ಹೆಸರಿನಿಂದ ಕರೆಯುವುದು ಕಚೇರಿಯ ಸಭೆಯಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಹಣ ಕೊಟ್ಟು, ಒಳಗೇನಿದೆ ಎಂದು ತಿಳಿಯದೆ ತೆರೆಯುವ ಪೆಟ್ಟಿಗೆಗೆ ‘ಲೂಟ್ ಬಾಕ್ಸ್’ ಎಂದು ಹೆಸರು. 2018ರಲ್ಲಿ ಬೆಲ್ಜಿಯಂನ ಜೂಜು ಆಯೋಗ ಹಲವು ಆಟಗಳ ಪೆಟ್ಟಿಗೆಗಳನ್ನು ಜೂಜು ಎಂದೇ ಕರೆಯಿತು. ಮರುವರ್ಷ ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) ಎಂಬ ಗೇಮ್ ಕಂಪನಿಯ ಪ್ರತಿನಿಧಿ ಅವಕ್ಕೆ ಕೊಟ್ಟ ಹೆಸರು ‘ಸರ್‌ಪ್ರೈಸ್ ಮೆಕ್ಯಾನಿಕ್ಸ್’. ಹುಡುಗನ ಪಟ್ಟಿಯಲ್ಲಿ ಅದು ‘ಆಕಸ್ಮಿಕ ಬಹುಮಾನ ವ್ಯವಸ್ಥೆ’ ಆಗಿದೆ. ಪದ ಬದಲಿಸಿದವರ ಜಾಣ್ಮೆಗೆ ಮೆಚ್ಚಲೇಬೇಕು.

‘ಟ್ರಿಪಲ್ ಎ’ ಎಂದರೆ ದೊಡ್ಡ ಖರ್ಚಿನ ಆಟ ಎಂದಷ್ಟೇ ಅರ್ಥ, ದೊಡ್ಡ ಆಟ ಎಂದಲ್ಲ. 2024ರಲ್ಲಿ ಯೂಬಿಸಾಫ್ಟ್‌ನ ಮುಖ್ಯಸ್ಥರು ಸ್ಕಲ್ ಆ್ಯಂಡ್ ಬೋನ್ಸ್ ಆಟದ 70 ಡಾಲರ್ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತಾ ಇನ್ನೊಂದು ಎ ಸೇರಿಸಿದರು. ಆಟಗಾರರು ಆ ನಾಲ್ಕನೆಯ ಎ ಹಿಡಿದು ತಿಂಗಳುಗಟ್ಟಲೆ ನಕ್ಕರು.

ಮತ್ತೆ ‘ಲೈವ್ ಸರ್ವಿಸ್’. ಆಟ ಸರಕಲ್ಲ, ಸೇವೆ. ಆಟಗಾರ ದಿನವೂ ಬರುತ್ತಿರಬೇಕು. ಮೊದಲ ದಿನ, ಏಳನೆಯ ದಿನ, ಮೂವತ್ತನೆಯ ದಿನ ಎಷ್ಟು ಜನ ಮರಳಿದರು ಎಂಬ ‘ರಿಟೆನ್ಷನ್’ ಲೆಕ್ಕವನ್ನು ನಾಡಿಯಂತೆ ಹಿಡಿದು ಕೂರುತ್ತಾರೆ. ನಾಡಿ ನಿಂತರೆ ‘ಸನ್‌ಸೆಟ್’, ಅಂದರೆ ಸೇವೆಯನ್ನೇ ಮುಚ್ಚುವುದು. ಕಾನ್ಕಾರ್ಡ್ ಆಟ 2024ರ ಆಗಸ್ಟ್ 23ರಂದು ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್. ಕೊಂಡವರಿಗೆ ಸೋನಿ ಹಣ ಮರಳಿಸಿತು, ಅಷ್ಟರಮಟ್ಟಿಗೆ ಮೆಚ್ಚೋಣ. ಅದೇ ವರ್ಷ ಮಾರ್ಚ್ ಕೊನೆಗೆ ದ ಕ್ರ್ಯೂ ಎಂಬ ಕಾರಿನ ಆಟದ ಸರ್ವರ್ ನಿಂತಾಗ, ಒಂಬತ್ತು ವರ್ಷದ ಹಿಂದೆ ಹಣ ಕೊಟ್ಟು ಕೊಂಡವರ ಡಿಸ್ಕ್ ಬರೀ ತಟ್ಟೆಯಾಯಿತು. ಸೂರ್ಯ ಮುಳುಗಿದರೆ ಬೆಳಗ್ಗೆ ಮತ್ತೆ ಹುಟ್ಟುತ್ತಾನೆ ಸ್ವಾಮಿ, ನಿಮ್ಮ ಸರ್ವರ್ ಹುಟ್ಟುತ್ತದೆಯೇ? ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಎಂದು ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾನೂನು ಮಾಡಿದೆ. 2025ರಿಂದ ಅಲ್ಲಿ ಇಂಥ ಡಿಜಿಟಲ್ ಸರಕಿನ ಮೇಲೆ ‘ಖರೀದಿಸಿ’ ಎಂದು ಬರೆಯಬೇಕಾದರೆ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಲೇಬೇಕು. ಒಂದು ಪದವನ್ನು ಸರಿಯಾಗಿ ಬಳಸಿ ಎಂದು ಹೇಳಲು ಶಾಸನಸಭೆಯೇ ಬೇಕಾಯಿತು.

ಪಟ್ಟಿಯನ್ನು ಎರಡನೆಯ ಸಲ ಓದಿದ್ದು ಒಂದು ಪದವನ್ನು ಹುಡುಕುವುದಕ್ಕಾಗಿ. ‘ಕ್ರಂಚ್’. ಬಿಡುಗಡೆಗೆ ಮೊದಲಿನ ವಾರ, ತಿಂಗಳುಗಳಲ್ಲಿ ಹಗಲು ರಾತ್ರಿ ಕಚೇರಿಯಲ್ಲೇ ಕಳೆಯುವುದಕ್ಕೆ ಇರುವ ಹೆಸರು. ಕಟ್ಟುವವರೇ ಇಟ್ಟ ಹೆಸರು, ಹಲ್ಲಿನ ನಡುವೆ ಏನೋ ನುರಿಯುವ ಸದ್ದು ಅದರಲ್ಲಿದೆ. 2004ರಲ್ಲಿ ಇಎ ಉದ್ಯೋಗಿಯೊಬ್ಬರ ಸಂಗಾತಿ ಹೆಸರು ಹಾಕದೆ ಬರೆದ ಪತ್ರವೊಂದು ಈ ಪದವನ್ನು ಕಚೇರಿಯಿಂದ ಹೊರಗೆ ತಂದಿತು. ಮುಂದೆ ಅಧಿಕ ದುಡಿಮೆಯ ಹಣಕ್ಕಾಗಿ ಹೂಡಿದ ದಾವೆಗಳಲ್ಲಿ ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ನಾನಿದ್ದ ಕಡೆ ದಾವೆ ಇರಲಿಲ್ಲ, ರಾತ್ರಿ ಒಂಬತ್ತಕ್ಕೆ ಉಚಿತ ಪಿಜ್ಜಾ ಇತ್ತು. ಪಿಜ್ಜಾ ಬಂತೆಂದರೆ ಇವತ್ತು ಮನೆಗೆ ಹೋಗುವುದಿಲ್ಲ ಎಂದು ತಿಳಿಯಬೇಕು. ಅದನ್ನು ಈಗಲೂ ನಾನು ತಿನ್ನುವುದಿಲ್ಲ.

ನಾಲ್ಕು ಪುಟದಲ್ಲಿ ಕ್ರಂಚ್ ಎಲ್ಲೂ ಇಲ್ಲ. ಹುಡುಗನಿಗೆ ಫೋನ್ ಮಾಡಿ, ಬಿಡುಗಡೆಗೆ ಹಿಂದಿನ ಮೂರು ತಿಂಗಳು ಸಂಜೆ ಎಷ್ಟು ಗಂಟೆಗೆ ಮನೆಗೆ ಬಿಡುತ್ತಾರೆ ಎಂದು ಕೇಳು ಎಂದೆ. ಕೇಳಿದ್ದಾನೆ. ‘ಯೋಜನೆಯ ಅಗತ್ಯಕ್ಕೆ ತಕ್ಕಂತೆ’ ಎಂದು ಉತ್ತರ ಬಂದಿದೆಯಂತೆ.

"ಇದು ಯಾವ ಮನೆಯ ಪದ, ಮಾವ?" ಎಂದ. ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೂ ಸೋಮವಾರ ಸೇರುತ್ತೇನೆ ಎಂದ.