ಕಚ್ಚುವ ಕಂಪ್ಯೂಟರ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮನೆಯ ಹಳೇ ಕಂಪ್ಯೂಟರ್‌ಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ, ಅಪ್ಪ ಚಾ ಕುಡಿದು, ಜಗಲಿಯಲ್ಲಿ ಕೂತು ಒಂದು ಕವಳ ಹಾಕುವಷ್ಟರಲ್ಲಿ ಅದು ಎಂದಿನಂತೆ ಎದ್ದಿರುತ್ತಿತ್ತು. ಅಡಿಕೆ ದರ ನೋಡಲು ಅಷ್ಟು ಸಾಕು.

ಗಲಾಟೆ ಶುರುವಾಗಿದ್ದು ಬೆಂಗಳೂರಿನಿಂದ ತಂಗಿಯ ಮಗ ಶಿರಸಿಗೆ ಬಂದಾಗ. "ಮಾವ, ಇದಕ್ಕೆ ವಿಂಡೋಸ್ 11 ಹಾಕೋಕಾಗಲ್ಲ. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ. ಪ್ರೊಸೆಸರ್ ಇಂಟೆಲ್ ಆದ್ರೆ ಎಂಟನೇ ಜನರೇಶನ್ನಾದ್ರೂ ಬೇಕು, ಇದು ಎರಡನೇದು" ಎಂದ. ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಹಲ್ಲಿಯ ಮೊಟ್ಟೆ, ಇರುವೆಗಳ ಮೆರವಣಿಗೆ, ಫ್ಯಾನಿಗೆ ಅಂಟಿದ ದೂಳು. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಇರುವುದೇ ಕಡಿಮೆ. ಯಾರು ಬಿಡುತ್ತಾರೆ ಹೇಳಿ?

ಸರಿ, ಹೊಸದು ತರುವುದು ಎಂದಾಯಿತು. ಆ ಕ್ಷಣದಿಂದ ಊರಲ್ಲಿ ಎಲ್ಲರೂ ಸಲಹೆಗಾರರು. ಪ್ರೊಸೆಸರ್ ಐ3 ಸಾಕು, ಐ5 ಬೇಕು, ಇಂಟೆಲ್ಲೇ ಬೇಡ ಎಎಂಡಿ ತಗೊಳ್ಳಿ. ತಂಗಿಯ ಮಗನಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು. ಯಾಕೋ ಎಂದರೆ "ಮುಂದೆ ಬೇಕಾಗತ್ತೆ" ಎನ್ನುತ್ತಾನೆ. ಯಾರಿಗೆ, ಯಾತಕ್ಕೆ ಅಂತ ಹೇಳುವುದಿಲ್ಲ. ಕೊನೆಗೆ ಕಾರ್ಡ್ ಬಿಟ್ಟು, ಕಡತಗಳಿಡಲು ಎಸ್‌ಎಸ್‌ಡಿ ಹಾಕಿಸಿ, ಮೆಮೊರಿಗೆ 16 ಜಿಬಿ ರ‍್ಯಾಮ್ ಎಂದು ತೀರ್ಮಾನವಾಯಿತು. ಹದಿನಾರರದ್ದು ಒಂದೇ ಹಾಕಿಸುವ ಬದಲು ಎಂಟರದ್ದು ಎರಡು ಹಾಕಿಸಿದರೆ ಎರಡು ಚಾನೆಲ್ಲಿನಲ್ಲಿ ಓಡಿ ವೇಗ ಜಾಸ್ತಿ ಎಂಬುದು ಹುಡುಗ ಹೇಳಿದ್ದರಲ್ಲಿ ಕೆಲಸಕ್ಕೆ ಬಂದ ಮಾತು.

ಆದರೆ ಅಂಗಡಿಯವರು ಬೆಲೆ ಹೇಳಿದಾಗ ನನಗೆ ಬೆವರು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿವೆ, ರ‍್ಯಾಮ್ ದರ ಏರುತ್ತಲೇ ಇದೆ, ಇವತ್ತಿನ ರೇಟು ನಾಳೆಗಿಲ್ಲ ಎಂದರು. ನಾನು ಪೆಚ್ಚಾಗಿ ನಿಂತಿದ್ದೆ. ಅಪ್ಪನ ಮುಖ ಮಾತ್ರ ಅರಳಿತು. ಅಲ್ಲಿಯವರೆಗೆ ಒಂದು ಮಾತೂ ಅರ್ಥವಾಗದೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಎದ್ದು ಕೂತ.

"ಹೋದ ವರ್ಷ ಎಷ್ಟಿತ್ತು? ಮುಂದೆ ಇಳಿತಾ? ಆವಕ ಹೇಂಗಿದ್ದು?" ಎಂದು ವಿಚಾರಣೆ ಶುರು ಮಾಡಿದ. ಅಡಿಕೆಯಲ್ಲಿ ಚಾಲಿ, ರಾಶಿ ಎರಡನ್ನೂ ದರ ಬರುವವರೆಗೆ ಕಾದು ಕೊಟ್ಟ ಅನುಭವಿ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ತಮಾ, ಹಂಗಾರೆ ಎರಡು ಹೆಚ್ಚಿಗೆ ತಗಂಡು ಅಟ್ಟದ ಮೇಲೆ ಇಟ್ಟರೆ ಆತು. ರೇಟು ಬಂದಾಗ ಕೊಡಲಾಗ್ತು." ಈಗಲೂ ಸಂಜೆ ಅಡಿಕೆ ದರ ನೋಡಿದ ಮೇಲೆ "ರ‍್ಯಾಮಿನದ್ದು ಎಷ್ಟಾತು?" ಎಂದು ಕೇಳುವುದು ತಪ್ಪಿಲ್ಲ. ಏರಿದೆ ಎಂದರೆ ನನ್ನ ಕಡೆ ಒಂದು ನೋಟ ಬೀರುತ್ತಾನೆ.

ಇಷ್ಟೆಲ್ಲ ಸಲಹೆ ಕೊಟ್ಟವರಲ್ಲಿ ಒಬ್ಬರಾದರೂ ಕರೆಂಟಿನ ಸುದ್ದಿ ಎತ್ತಲಿಲ್ಲ. ನಮ್ಮ ಕಡೆ ಗಾಳಿ ಬೀಸಿದರೆ ಕರೆಂಟಿಲ್ಲ, ತಂತಿ ಮೇಲೆ ಕೊಂಬೆ ಬಿದ್ದರೆ ಕರೆಂಟಿಲ್ಲ, ಕೆಲವೊಮ್ಮೆ ಎಂತದ್ದೂ ಬೀಳದಿದ್ದರೂ ಇಲ್ಲ. ಹಾಗಾಗಿ ಕರೆಂಟು ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ಓಡಿಸುವ ಯುಪಿಎಸ್ ಒಂದನ್ನು ನಾನೇ ನೆನಪಿಟ್ಟು ತಂದೆ. ಅದರ ಮೇಲೆ ದಪ್ಪಕ್ಷರದಲ್ಲಿ 600 ವಿಎ ಎಂದು ಬರೆದಿದೆ.

ಆಯಿ, ಅಂದರೆ ನನ್ನ ಅಮ್ಮ, ಅದನ್ನು ಓದಿಕೊಂಡಿದ್ದಳು ಎಂದು ನಮಗೆ ಗೊತ್ತಾಗಿದ್ದು ಆಮೇಲೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು, ಅಪ್ಪ ಅಡಿಕೆ ಕೊನೆ ಕೊಯ್ಲಿನ ಲೆಕ್ಕ ಬರೆಯುತ್ತಿದ್ದ. ಒಳಗೆ ತಂಬುಳಿಗೆ ಕಾಯಿ ಬೀಸುವುದು ಅರ್ಧಕ್ಕೆ ನಿಂತಿತ್ತು. ಆಯಿ ಮಿಕ್ಸಿ ಎತ್ತಿಕೊಂಡು ಜಗಲಿಗೆ ಬಂದವಳೇ ಯುಪಿಎಸ್ಸಿಗೆ ಸಿಕ್ಕಿಸಿ ತಿರುಗಿಸಿದಳು. ಯುಪಿಎಸ್ ಒಂದು ಉದ್ದ ಚೀತ್ಕಾರ ಹಾಕಿ ಸತ್ತಿತು. ಜೊತೆಗೆ ಕಂಪ್ಯೂಟರೂ, ಉಳಿಸದ ಲೆಕ್ಕವೂ.

ಅಪ್ಪ ಕೂಗಾಡಿದ. ಆಯಿ ಜಗ್ಗಲಿಲ್ಲ. "ಇದರ ಮೇಲೆ ಆರ್ನೂರು ಹೇಳಿ ಬರದ್ದು. ಮಿಕ್ಸಿ ಮೇಲೆ ಐನೂರು. ಇನ್ನೂ ನೂರು ಉಳಿತಲಾ?"

ಉತ್ತರ ಹೇಳಿ ನೋಡೋಣ. ಲೆಕ್ಕ ಸರಿಯಾಗೇ ಇದೆ. ಆದರೆ ಪೆಟ್ಟಿಗೆ ಮೇಲೆ ಬರೆಯುವುದು ವಿಎ, ಅಂದರೆ ವೋಲ್ಟನ್ನು ಆಂಪಿಯರಿಗೆ ಗುಣಿಸಿದ್ದು; ಮಿಕ್ಸಿ ಮೇಲಿರುವುದು ವ್ಯಾಟ್, ಅಂದರೆ ನಿಜವಾಗಿ ಕೆಲಸಕ್ಕೆ ಬರುವ ಶಕ್ತಿ. ಮನೆಗೆ ತರುವ ಸಣ್ಣ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್ ಅಷ್ಟೇ. ಅದನ್ನು ಸಣ್ಣಕ್ಷರದಲ್ಲಿ ಹಿಂದುಗಡೆ ಬರೆದಿರುತ್ತಾರೆ, ಗೋಡೆಗೆ ತಾಗಿ ಕೂರುವ ಬದಿಯಲ್ಲಿ. ಅದೂ ಬರೆದದ್ದನ್ನು ಉಳಿಸಿ ಕಂಪ್ಯೂಟರ್ ಮುಚ್ಚಲು ಬೇಕಾಗುವಷ್ಟು ಹೊತ್ತಿಗೆ ಮಾತ್ರ. ನಾನು ಇದನ್ನೆಲ್ಲ ವಿವರಿಸಿದೆ. ಆಯಿ ಕೇಳಿ, "ಹಂಗಾರೆ ಆರ್ನೂರು ಹೇಳಿ ಸುಮ್ನೆ ಎಂತಕ್ಕೆ ಬರೆಯದು?" ಎಂದು ಒರಳಿನ ಕಡೆ ಹೋದಳು. ಈ ಪ್ರಶ್ನೆಯನ್ನು ಯುಪಿಎಸ್ ಮಾಡುವವರೇ ಉತ್ತರಿಸಬೇಕು.

ನಡುವೆ ಕೀಬೋರ್ಡಿನ ಮೇಲೆ ಕಷಾಯ ಚೆಲ್ಲಿತು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗವೇ ಸರಿ ಎಂದು ಅಪ್ಪ ಅದನ್ನು ಬಚ್ಚಲೊಲೆಯ ದಂಡೆಗಿಟ್ಟ. ಚೆನ್ನಾಗಿ ಒಣಗಿತು. ಸ್ಪೇಸ್ ಬಾರ್ ಮಾತ್ರ ಹಪ್ಪಳದ ಹಾಗೆ ಬಾಗಿತು.

ಈಗ ಕಚ್ಚುವ ವಿಷಯ. ಸಂಜೆ ಆಯಿ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುತ್ತಾಳೆ. ಒಂದು ದಿನ ಅಡುಗೆಮನೆಯಿಂದ ಒದ್ದೆ ಕೈಯಲ್ಲಿ ಬಂದು ಕ್ಯಾಬಿನೆಟ್ ಮುಟ್ಟಿದವಳು ಹಾರಿದಳು. "ತಮಾ, ನಿನ್ನ ಪೆಟ್ಟಿಗೆ ಕಚ್ತು!" ನಾನೂ ಬರಿಗಾಲಲ್ಲಿ ನಿಂತು ಮುಟ್ಟಿದೆ. ಜುಂ ಎಂದಿತು. ಅಂಗಡಿಗೆ ಫೋನ್ ಮಾಡಿದರೆ "ಕಂಪ್ಯೂಟರ್ ಸರಿ ಇದೆ ಸಾರ್, ನಿಮ್ಮ ಮನೆ ಸರಿ ಇಲ್ಲ" ಎಂದರು. ಹೀಗೆ ಮುಖಕ್ಕೇ ಹೇಳುವುದಾ ಎನಿಸಿತು, ಆದರೆ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದಾಗ ಗೊತ್ತಾಯಿತು. ಮೂರು ತೂತಿನ ಸಾಕೆಟ್ಟಿನ ಮೇಲಿನ ತೂತಿಗೆ ಹಿಂದಿನಿಂದ ತಂತಿಯೇ ಇಲ್ಲ. ಅರ್ಥಿಂಗ್ ಇಲ್ಲದೆ ಇಷ್ಟು ವರ್ಷ ಆ ತೂತು ಬರೀ ಚಂದಕ್ಕಿತ್ತು.

ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ (ನಾಯ್ಸ್) ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಸೋರುವ ಚೂರು ಕರೆಂಟು ಅರ್ಥಿಂಗ್ ತಂತಿಯಲ್ಲಿ ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ತಗಡು ಸುಮಾರು 115 ವೋಲ್ಟಿಗೆ, ಅಂದರೆ 230ರ ಅರ್ಧಕ್ಕೆ, ಏರಿ ಕೂರುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಹಾಗಾಗಿ ಬರೀ ಜುಂ. ಮುಟ್ಟಿದವರಿಗೆ ಮಾತ್ರ ಅದು ಬರೀ ಅಲ್ಲ.

ಹಿತ್ತಿಲಲ್ಲಿ ಹೊಂಡ ತೆಗೆಸಿ, ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿದ್ದಾಯಿತು. ಮಣ್ಣು ಒದ್ದೆಯಾಗಿದ್ದಷ್ಟೂ ಅರ್ಥಿಂಗ್ ಚೆನ್ನ. ಹಾಗಾಗಿ ಬೇಸಿಗೆಯಲ್ಲಿ ನೀರು ಹಾಕಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಿಹೋದರು. ಅಪ್ಪನಿಗೆ ಕಂಪ್ಯೂಟರ್ ಪೂರ್ತಿ ಅರ್ಥವಾಗಿದ್ದು ಆಗಲೇ ಇರಬೇಕು. ನೀರು ಹಾಕಬೇಕಾದ್ದು ಎಂದ ಮೇಲೆ ಅದು ಅವನ ಕೆಲಸ. ಮಲ್ಲಿಗೆ ಗಿಡಕ್ಕೆ ಎರಡು ಕೊಡ, ಕಂಪ್ಯೂಟರಿಗೆ ಒಂದು ಕೊಡ.

ಏಪ್ರಿಲ್, ಮೇ ತಿಂಗಳ ಗುಡುಗಿನ ಜವಾಬ್ದಾರಿ ಆಯಿಯದ್ದು. ಸಿಡಿಲಿಗೆ ಯುಪಿಎಸ್ ಅಡ್ಡ ನಿಲ್ಲುವುದಿಲ್ಲ, ಪ್ಲಗ್ ಕಿತ್ತಿಡಬೇಕು. ಅದಷ್ಟೇ ಸಾಲದು. ಇಂಟರ್ನೆಟ್ ತರುವ ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯದಿದ್ದರೂ ಅದರ ಡಬ್ಬಿಗೆ ಅಡಾಪ್ಟರ್ ಇದೆ, ಡಬ್ಬಿಯಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ಅದನ್ನೂ ಕೀಳಬೇಕು. ಬೆಟ್ಟದಾಚೆ ಮೋಡ ಕಪ್ಪಾದರೆ ಸಾಕು, ಆಯಿ ಎರಡನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತಿರುತ್ತಾಳೆ. ಯಾರು ಏನು ಬರೆಯುತ್ತಿದ್ದರು ಎಂದು ಕೇಳುವ ಪದ್ಧತಿ ಇಲ್ಲ. ಮಿಕ್ಸಿಯ ಬಡ್ಡಿ ಅಂತ ನನ್ನ ಅನುಮಾನ.

ಮನೆಗೆ ಬಂದ ನೆಂಟರು ಈಗ ಚಾ ಕುಡಿದ ಮೇಲೆ ಹೊಸ ಕಂಪ್ಯೂಟರ್ ನೋಡಬೇಕು ಎನ್ನುತ್ತಾರೆ. ಮೊನ್ನೆ ಯಲ್ಲಾಪುರದ ಭಾವ ಬಂದವರು ಜಗಲಿಯ ಮೇಜಿನ ಕಡೆ ಹೊರಟಿದ್ದರು. ಅಪ್ಪ ತಡೆದು, "ಅಲ್ಲಿ ಎಂತದೂ ಇಲ್ಲೆ, ಬನ್ನಿ ಭಾವಾ" ಎಂದು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೊಂಡ ತೋರಿಸಿದ.