ದೋಣಿಯ ಅಡಿಯಲ್ಲೊಂದು ಬಾವಿ

ಕೆಮ್ಮಣ್ಣಿನ ಹತ್ತಿರ, ಸುವರ್ಣಾ ನದಿಯ ದಂಡೆಯಲ್ಲಿ, ಪರಿಚಿತರೊಬ್ಬರ ತೆಂಗಿನ ತೋಟದ ಅಂಚಿಗೆ ಕೆಂಪುಕಲ್ಲುಗಳ ಮೇಲೆ ಏರಿ ಕುಳಿತಿರುವ ನನ್ನ ಹಾಯಿದೋಣಿಯ ಕೆಳಗೆ ಒಂದು ಹೊಂಡವಿದೆ. ಅದು ಬಾವಿಯಲ್ಲ. ಈ ಮಾತನ್ನು ನಾನು ಈ ಬೇಸಿಗೆಯಲ್ಲಿ ಎಷ್ಟು ಮಂದಿಗೆ, ಎಷ್ಟು ಬಗೆಯ ಸ್ವರಗಳಲ್ಲಿ ಹೇಳಿದ್ದೇನೆಂದರೆ, ನಿನ್ನೆ ಸಂಜೆ ಹಾಲಿನ ಪ್ಯಾಕೆಟ್ಟು ಕೊಡುತ್ತಾ "ನೀರು ಬಂತಾ ಸಾರ್?" ಎಂದು ವಿಚಾರಿಸಿದ ಅಂಗಡಿಯ ಹುಡುಗನಿಗೆ ಉತ್ತರ ಕೊಡದೆ, ಬರಬೇಕಾಗಿದ್ದ ಚಿಲ್ಲರೆಯನ್ನೂ ಅಲ್ಲಿಯೇ ಬಿಟ್ಟು ಬಂದಿದ್ದೇನೆ.

ಹೊಂಡಕ್ಕೆ ಕಾರಣ ಕೀಲ್. ಹಾಯಿದೋಣಿಯ ತಳದಿಂದ ನೀರಿನೊಳಕ್ಕೆ ಇಳಿಬಿಟ್ಟಿರುವ ಭಾರವಾದ ಫಲಕಕ್ಕೆ ಆ ಹೆಸರು. ಗಾಳಿ ಪಕ್ಕದಿಂದ ನೂಕಿದಾಗ ದೋಣಿಯು ಅಡ್ಡಡ್ಡ ಸರಿದು ಹೋಗದಂತೆ ತಡೆಯುವುದೂ, ತೀರಾ ವಾಲಿದರೆ ತನ್ನ ಭಾರದಿಂದ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದೂ ಅದರ ಕೆಲಸ. ಆದರೆ ಸೀತಾ ಮತ್ತು ಸುವರ್ಣಾ ನದಿಗಳು ಕೂಡಿ ಸಮುದ್ರ ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ, ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ಮರಳಿನ ದಿಬ್ಬ ಇರುವುದರಿಂದ, ಸದಾ ಇಳಿಬಿದ್ದಿರುವ ಕೀಲ್ ಕಟ್ಟಿಕೊಂಡು ಓಡಾಡುವುದು ಇಲ್ಲಿ ಆಗದ ಮಾತು. ಬೇಕೆಂದಾಗ ಇಳಿಸಿ ಬೇಡವಾದಾಗ ಮೇಲಕ್ಕೆಳೆಯಬಹುದಾದ ಕೀಲ್ ಹುಟ್ಟಿದ್ದೇ ಇಂಥ ಆಳವಿಲ್ಲದ ನೀರಿಗಾಗಿ. ಬ್ರಿಟಿಷ್ ನೌಕಾದಳದ ಅಧಿಕಾರಿ ಜಾನ್ ಶ್ಯಾಂಕ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಥ ಜಾರುಕೀಲ್‌ಗಳನ್ನು ಹಡಗುಗಳಿಗೆ ಅಳವಡಿಸಿದ. ಅವನ ವಿನ್ಯಾಸದಂತೆ 1798ರಲ್ಲಿ ಕಟ್ಟಿದ 'ಲೇಡಿ ನೆಲ್ಸನ್' ಎಂಬ ಪುಟ್ಟ ಹಡಗು ಮೂರು ಮೂರು ಕೀಲ್‌ಗಳನ್ನು ಹೊತ್ತುಕೊಂಡು ಆಸ್ಟ್ರೇಲಿಯದ ಕರಾವಳಿಯ ಸಮೀಕ್ಷೆಗೆ ಹೋಯಿತು. ಒಂದೇ ಕೀಲ್‌ನಿಂದ ನಾನು ಪಡುತ್ತಿರುವ ಪಾಡನ್ನು ನೋಡಿದರೆ, ಆ ಹಡಗಿನವರ ತಾಳ್ಮೆಗೂ ಒಂದು ಸ್ಮಾರಕವನ್ನು ಕಟ್ಟಬೇಕಾಗಿತ್ತು ಎನಿಸುತ್ತದೆ.

ನನ್ನದು ಇಪ್ಪತ್ತು ಅಡಿಯ, ಗೋವೆಯಿಂದ ಲಾರಿಯೇರಿ ಬಂದ, ಹಳೆಯ ಫೈಬರ್ ದೋಣಿ. ಅದರ ಕೀಲ್ ಇನ್ನೂರು ಕಿಲೋಗೆ ಹತ್ತಿರದ ಎರಕದ ಕಬ್ಬಿಣ. ಪೇನಾಕತ್ತಿಯ ಅಲಗು ಹಿಡಿಯೊಳಕ್ಕೆ ಮಡಚಿಕೊಳ್ಳುವಂತೆ ಅದು ಮುಂಭಾಗದ ಒಂದು ಬೋಲ್ಟಿನ ಸುತ್ತ ತಿರುಗಿ, ದೋಣಿಯ ತಳದ ಇಕ್ಕಟ್ಟಾದ ಗೂಡಿನೊಳಗೆ ಸೇರಿಕೊಳ್ಳುತ್ತದೆ. ಮೇಲಕ್ಕೆಳೆಯಲು ಉಕ್ಕಿನ ಕೇಬಲ್ಲು, ಕೇಬಲ್ಲು ಸುತ್ತಲು ಕ್ಯಾಬಿನ್ನಿನೊಳಗೆ ಒಂದು ಕೈ ರಾಟೆ. ಕಾಗದದ ಮೇಲೆ ಇದಕ್ಕಿಂತ ಸುಲಭದ ಯಂತ್ರವಿಲ್ಲ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಉಬ್ಬುತ್ತದೆ, ಉಬ್ಬಿದ ಪದರಗಳು ಗೂಡಿನ ಗೋಡೆಗೆ ಕಚ್ಚಿಕೊಳ್ಳುತ್ತವೆ, ಉಳಿದ ಸಂದಿನಲ್ಲಿ ಚಿಪ್ಪುಜೀವಿಗಳು ಸಂಸಾರ ಹೂಡುತ್ತವೆ. ಬೋಲ್ಟು ಕೂರುವ ತೂತು ವರ್ಷಗಟ್ಟಲೆ ತೇಯ್ದು ಮೊಟ್ಟೆಯ ಆಕಾರಕ್ಕೆ ಬಂದಿದ್ದರಿಂದ, ಲಂಗರು ಹಾಕಿ ಮಲಗಿದ ರಾತ್ರಿಗಳಲ್ಲಿ ಸಣ್ಣ ಅಲೆಗೂ ಕೀಲ್ ಅತ್ತಿತ್ತ ಬಡಿದುಕೊಂಡು, ಯಾರೋ ಕೆಳಗಿನಿಂದ ಬಾಗಿಲು ತಟ್ಟುತ್ತಿದ್ದಾರೆಂಬ ಭ್ರಮೆ ಹುಟ್ಟಿಸುತ್ತಿತ್ತು. ಕಡೆಗೊಮ್ಮೆ ಕೇಬಲ್ಲಿನ ಎಳೆಗಳು ಒಂದೊಂದಾಗಿ ಕಡಿದು, ಕೀಲ್ ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ ನಡುವೆ ನಿಂತಿತು.

ಕೀಲ್ ತೆಗೆಯಬೇಕಾದರೆ ಅದು ಪೂರ್ತಿ ಕೆಳಕ್ಕೆ ಇಳಿಯಬೇಕು; ಅದು ಇಳಿಯಬೇಕಾದರೆ ದೋಣಿಯ ಕೆಳಗೆ ಆಳಿನ ಸೊಂಟಕ್ಕೂ ಮೀರಿದ ಜಾಗ ಬೇಕು. ಅಮೆರಿಕದವರ ಕೈಪಿಡಿಗಳು ಈ ಹಂತದಲ್ಲಿ ದೋಣಿಯನ್ನು ಕ್ರೇನಿನಿಂದ ಎತ್ತಿ ಹಿಡಿಯಿರಿ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ತೋಟದೊಳಕ್ಕೆ ಬರಬಲ್ಲ ಕ್ರೇನು ನಮ್ಮ ಕಡೆ ಇಲ್ಲ. ಬಂದರೂ ಅದರ ತೋಳು ಎದ್ದಲ್ಲಿ ತೆಂಗಿನ ಗರಿ, ತಿರುಗಿದಲ್ಲಿ ಕರೆಂಟಿನ ತಂತಿ. ಇಂಗ್ಲೆಂಡಿನ ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿ ಉಬ್ಬರ ಇಳಿತಗಳ ನಡುವೆ ಹತ್ತು ಮೀಟರಿಗೂ ಮಿಕ್ಕಿದ ಅಂತರ ಇರುವುದರಿಂದ, ಅಲ್ಲಿಯವರು ನೀರು ಇಳಿದ ಹೊತ್ತಿಗೆ ದೋಣಿಯನ್ನು ನೆಲದ ಮೇಲೆ ನಿಲ್ಲಿಸಿಕೊಂಡು ಅಡಿಯ ಕೆಲಸವನ್ನೆಲ್ಲ ಮುಗಿಸಿಕೊಳ್ಳುತ್ತಾರಂತೆ. ನಮ್ಮ ಕರಾವಳಿಯಲ್ಲಿ ಆ ಅಂತರ ಒಂದೂವರೆ ಮೀಟರಿನ ಆಚೆಗೆ ಹೋಗುವುದೇ ಅಪರೂಪ. ಆದ್ದರಿಂದ ದೋಣಿಯನ್ನು ಮೇಲೆತ್ತುವ ಬದಲು ನೆಲವನ್ನೇ ಕೆಳಗಿಳಿಸಬೇಕೆಂದು ನಿರ್ಧಾರವಾಯಿತು.

ಮರಳುನೆಲದಲ್ಲಿ ಎರಡಡಿ ತೋಡಿದ ಕೂಡಲೇ ನೀರು ಬಂತು. ಉಬ್ಬರದ ಹೊತ್ತಿಗೆ ಹೊಂಡ ಅರ್ಧ ತುಂಬುತ್ತದೆ, ಇಳಿತಕ್ಕೆ ಬರಿದಾಗುತ್ತದೆ. ಹೀಗಾಗಿ ನನ್ನ ಕೆಲಸದ ವೇಳೆಯನ್ನು ಚಂದ್ರನೇ ನಿಗದಿಪಡಿಸತೊಡಗಿದ. ಇದನ್ನಾದರೂ ಸಹಿಸಬಹುದಾಗಿತ್ತು. ಸಹಿಸಲಾಗದಿದ್ದುದು ದಾರಿಹೋಕರನ್ನು.

ಮೊದಲು ಬಂದವರು ಬುಟ್ಟಿ ಹೊತ್ತ ಮೀನಿನಕ್ಕ. "ಎಂತಣ್ಣ, ಬಾವಿಯಾ? ಇಲ್ಲಿ ಉಪ್ಪುನೀರು ಬರುವುದಲ್ಲವಾ?" ಎಂದು ಬುಟ್ಟಿಯನ್ನೂ ಇಳಿಸದೆ ಕೇಳಿದರು. ದೋಣಿಯ ಅಡಿಯ ಕಬ್ಬಿಣವನ್ನು ಇಳಿಸಲಿಕ್ಕೆ ಎಂದೆ. ಅವರು ದೋಣಿಯನ್ನೂ ಹೊಂಡವನ್ನೂ ನನ್ನನ್ನೂ ಅದೇ ಕ್ರಮದಲ್ಲಿ ನೋಡಿ, ಕನಿಕರದಿಂದ ಹೊರಟರು. ಅನಂತರ ತೆಂಗಿನಕಾಯಿ ಕೀಳಲು ಬಂದವನು ಮರದ ಮೇಲಿನಿಂದಲೇ ಆಳವೆಷ್ಟೆಂದು ಕೇಳಿದ. ಪಂಚಾಯತಿನೊಂದಿಗೆ ಒಡನಾಟವಿರುವ ಮಹನೀಯರೊಬ್ಬರು ಸ್ಕೂಟರ್ ನಿಲ್ಲಿಸಿ, ಹೊಳೆಬದಿಯಲ್ಲಿ ಬಾವಿಗೆ ಪರವಾನಗಿ ಬೇಕಾಗುತ್ತದೆಂದು ತಿಳಿಸಿ, ಬಾವಿಯಲ್ಲವೆಂದಾಗ ಹಾಗಾದರೆ ಶೌಚದ ಗುಂಡಿಗೂ ಬೇಕಾಗುತ್ತದೆಂದು ತಿಳಿಸಿದರು. ವಾಸ್ತು ಬಲ್ಲ ನೆರೆಯವರೊಬ್ಬರು ಜಲಮೂಲ ಈಶಾನ್ಯದಲ್ಲಿರಬೇಕೆಂದೂ ಇದು ನೈಋತ್ಯಕ್ಕೆ ಬಂದಿದೆಯೆಂದೂ ಆತಂಕಪಟ್ಟರು. ಇದು ಬಾವಿಯೇ ಅಲ್ಲವೆಂದು ಮನವರಿಕೆ ಮಾಡಲು ದೋಣಿಯ ಕೆಳಗೆ ಬಗ್ಗಿ ಕೀಲ್ ತೋರಿಸಿದೆ. ಅವರು ಪಂಚೆ ಎತ್ತಿಕಟ್ಟಿ ಬಗ್ಗಿ ನೋಡಿ, ಸಾವಧಾನದಿಂದ ಯೋಚಿಸಿ, ಬಾವಿಯನ್ನು ಸರಿಸುವುದು ಕಷ್ಟ, ದೋಣಿಯನ್ನೇ ಸ್ವಲ್ಪ ತಿರುಗಿಸಿದರೆ ದಿಕ್ಕು ಸರಿಹೋದೀತು ಎಂದು ಪರಿಹಾರ ಸೂಚಿಸಿದರು.

ಕೇಳಿದವರಿಗೆ ನಿಜ ಸಂಗತಿ ಹೇಳಹೊರಟರೆ ಐದು ನಿಮಿಷದ ಉಪನ್ಯಾಸ, ಅದರ ಕೊನೆಗೊಂದು ಅನುಮಾನದ ನೋಟ. ಆದ್ದರಿಂದ ಒಂದು ಮಧ್ಯಾಹ್ನ, ಬೆನ್ನು ಬಾಗಿಸಿ ನೀರು ಚೆಲ್ಲುತ್ತಿದ್ದಾಗ ರಸ್ತೆಯಿಂದ ಅದೇ ಪ್ರಶ್ನೆ ಕೇಳಿಬಂದದ್ದೇ, ತಲೆಯೆತ್ತದೆ "ಹೌದು, ಬಾವಿ" ಎಂದೆ. ಕೇಳಿದವರಿಗೆ ಆದ ಸಂತೋಷವನ್ನು ವರ್ಣಿಸಲಾರೆ. ಮರಳು ಕುಸಿಯುತ್ತದೆ, ಸಿಮೆಂಟಿನ ರಿಂಗ್ ಇಳಿಸಲೇಬೇಕು, ನಮ್ಮವನೊಬ್ಬನಿದ್ದಾನೆ ಎಂದು ಹೇಳಿ ಅವರು ಹೋದರು, ನಾನೂ ಮರೆತೆ. ಮರುದಿನ ಬೆಳಗ್ಗೆ ಇಳಿತದ ಹೊತ್ತಿಗೆ ಸರಿಯಾಗಿ, ಹಿಂಭಾಗದಲ್ಲಿ ಬಾವಿಯ ರಿಂಗುಗಳನ್ನು ಪೇರಿಸಿಕೊಂಡ ಪಿಕಪ್ ಒಂದು ತೋಟದೊಳಕ್ಕೆ ಹಿಂದುಹಿಂದಾಗಿ ಬರತೊಡಗಿತು. ಕ್ರೇನಿಗೆ ದಾರಿಯಿಲ್ಲದ ತೋಟ ಅದಕ್ಕೆ ಹೇಗೋ ದಾರಿ ಬಿಟ್ಟುಕೊಟ್ಟಿತ್ತು. ಚಾಲಕನೂ ಮಾಲೀಕನೂ ಆಗಿದ್ದ ವ್ಯಕ್ತಿ ಇಳಿದು ಬಂದು, ಹೊಂಡದ ಅಗಲವನ್ನು ಹೆಜ್ಜೆಯಲ್ಲಿ ಅಳೆದು, ಮೇಲೆ ನೋಡಿದ. ಮೇಲೆ ಆಕಾಶ ಇರಬೇಕಾದಲ್ಲಿ ನನ್ನ ದೋಣಿಯ ತಳವಿತ್ತು. ಬಹಳ ಹೊತ್ತು ನೋಡಿ, ಗಿರಾಕಿಯ ಮನಸ್ಸು ನೋಯಬಾರದೆಂಬ ಎಚ್ಚರದಿಂದ, "ಸಾರ್, ಬಾವಿಗೆ ಮಾಡು ಮೊದಲೇ ಹಾಕಿದ್ದೀರಿ, ರಿಂಗ್ ಇಳಿಸುವುದು ಎಲ್ಲಿಂದ?" ಎಂದು ಕೇಳಿದ.

ನಾನು ಕೀಲ್‌ನ ಕಥೆಯನ್ನು ಮೊದಲಿನಿಂದ ಹೇಳಿದೆ. ಅವನು ಸಹನೆಯಿಂದ ಕೇಳಿ, ಎಲ್ಲ ಸರಿ, ಕಬ್ಬಿಣ ತೆಗೆದ ಮೇಲೆ ಹೊಂಡ ಹೇಗೂ ಉಳಿಯುತ್ತದಲ್ಲ, ಆಗ ರಿಂಗ್ ಹಾಕಿಸಿಬಿಡಿ, ಎರಡು ರಿಂಗು ಇಲ್ಲಿಯೇ ಇರಲಿ ಎಂದ. ಬೇಡವೆಂದರೂ ಇಳಿಸಿದ. ಬಾಡಿಗೆಯನ್ನು ಇಸಿದುಕೊಂಡೇ ಹೋದ. ಕೀಲ್ ಒರಗಿಸಿ ಬಣ್ಣ ಬಳಿಯಲು ಆ ರಿಂಗುಗಳಷ್ಟು ಒಳ್ಳೆಯ ಆಸರೆ ನನಗೆ ಬೇರೆ ಸಿಗಲಿಲ್ಲ ಎಂಬುದನ್ನು ಅವನಿಗೆ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ಅಂತೂ ಚೈನ್ ಬ್ಲಾಕು, ಕಾರಿನ ಜಾಕಿ, ಹಳೆಯ ಟಯರುಗಳು ಮತ್ತು ಒಂದಿಷ್ಟು ಬೈಗುಳಗಳ ನೆರವಿನಿಂದ ಕೀಲ್ ಹೊರಬಂತು. ಆಮೇಲಿನದೆಲ್ಲ ಅವಸರ. ಮೇ ಕೊನೆಯ ಹೊತ್ತಿಗೆ ಬರುವ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಕಳೆದರೆ ಮಳೆಯ ಲೆಕ್ಕ ಶುರುವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ಮಲ್ಪೆಯ ಬೋಟುಗಳೆಲ್ಲ ಒಟ್ಟಿಗೆ ದುರಸ್ತಿಗೆ ನಿಂತ ಮೇಲೆ, ನನ್ನಂಥವನ ಒಂದು ಬೋಲ್ಟಿಗೆ ವೆಲ್ಡಿಂಗಿನವರೂ ಲೇತಿನವರೂ ಕತ್ತೆತ್ತಿ ಸಹ ನೋಡುವುದಿಲ್ಲ. ಇತ್ತ ಬೆಳಗ್ಗೆ ಗ್ರೈಂಡರ್ ಹಿಡಿದು ಬೆಳ್ಳಗಾಗುವವರೆಗೆ ಉಜ್ಜಿದ ಕಬ್ಬಿಣ, ನಾನು ಗಂಜಿ ಉಂಡು ಬರುವಷ್ಟರಲ್ಲಿ ಕಂದಾಗಿರುತ್ತಿತ್ತು. ಉಪ್ಪುಗಾಳಿಗೆ ಊಟದ ವಿರಾಮವಿಲ್ಲ. ಉಜ್ಜಿದ ಗಳಿಗೆಯಲ್ಲಿಯೇ ಎಪಾಕ್ಸಿ ಪ್ರೈಮರ್ ಬಳಿಯಬೇಕು, ಬಳಿದದ್ದು ಒಣಗುವವರೆಗೆ ಮಳೆ ಬರಬಾರದು ಎಂಬ ಎರಡು ನಿಯಮಗಳನ್ನು ಡಬ್ಬಿಯ ಮೇಲೆ ಅಚ್ಚು ಹಾಕಿದವರು ಮೇ ತಿಂಗಳ ಉಡುಪಿಯನ್ನು ಕಂಡವರಲ್ಲ.

ಹೀಗೆ ಬಣ್ಣ ಬಳಿಯುತ್ತಿದ್ದ ದಿನಗಳಲ್ಲೊಮ್ಮೆ ತೋಟದ ಆಚೆ ಬದಿಯ ಮನೆಯ ಅಜ್ಜ ಕೋಲೂರಿಕೊಂಡು ಬಂದರು. ಪ್ರಾಯದಲ್ಲಿ ಹಂಗಾರಕಟ್ಟೆಯಿಂದ ಹಂಚು ತುಂಬಿದ ಮಂಜಿಯಲ್ಲಿ ಮುಂಬಯಿಗೆ ಹೋಗಿ ಬರುತ್ತಿದ್ದವರು ಅವರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಈ ಕರಾವಳಿಯ ಉದ್ದಕ್ಕೂ ಹಬ್ಬಿ, ಹಾಯಿ ಕಟ್ಟಿದ ಮಂಜಿಗಳಿಗೆ ಹಲವು ತಲೆಮಾರುಗಳ ಕಾಲ ಕೆಲಸ ಕೊಟ್ಟಿತ್ತು. ಅಜ್ಜ ಹೊಂಡದ ಕಡೆ ಕಣ್ಣು ಹಾಯಿಸಲಿಲ್ಲ. ರಿಂಗಿಗೆ ಒರಗಿದ್ದ ಕೀಲ್‌ನ ಅಂಚನ್ನು ಕೈಯಿಂದ ಸವರಿ, "ಇದು ಇದ್ದರೆ ಎದುರುಗಾಳಿಗೆ ಎಷ್ಟು ಹತ್ತಿರ ಹೋಗುತ್ತದೆ?" ಎಂದು ಕೇಳಿದರು. ಗಾಳಿ ಬರುವ ದಿಕ್ಕಿನಿಂದ ಐವತ್ತು ಡಿಗ್ರಿಯ ಆಸುಪಾಸಿಗೆ ಎಂದು ಕೈಯಲ್ಲೇ ಕೋನ ಮಾಡಿ ತೋರಿಸಿದೆ. ತಮ್ಮ ಮಂಜಿ ಅಷ್ಟು ಏರುತ್ತಿರಲಿಲ್ಲ, ಗಾಳಿ ತಿರುಗುವವರೆಗೆ ಕಾರವಾರದ ಮರೆಯಲ್ಲಿ ದಿನಗಟ್ಟಲೆ ಕಾದಿದ್ದೇವೆ ಎಂದರು. ಆಮೇಲೆ ಹಾಯಿಯ ಚೀಲದ ಬಾಯಿ ಬಿಚ್ಚಿಸಿ, ಬಟ್ಟೆಯನ್ನು ಬೆರಳುಗಳ ನಡುವೆ ಹೊಸಕಿ ನೋಡಿ, ಹತ್ತಿಯಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇಡೀ ಊರು ನೀರಿನ ಮೇಲೆಯೇ ಬದುಕುತ್ತಿದ್ದರೂ, ಈ ದೋಣಿಯ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಮತ್ತೆ ಬರುತ್ತೇನೆಂದಿದ್ದರು, ಕಾಲುನೋವು ಹೆಚ್ಚಾಗಿ ಬರಲಾಗಲಿಲ್ಲ.

ಉಳಿದದ್ದು ತಿರುಗುಬೋಲ್ಟು. ಕೊರೆದು ದುಂಡಗೆ ಮಾಡಿದ ತೂತಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಕೂರಿಸಿಯಾಗಿತ್ತು. ಸ್ಟೇನ್‌ಲೆಸ್ ಬೋಲ್ಟು ಉಪ್ಪುನೀರಿನಲ್ಲಿ ಕಬ್ಬಿಣವನ್ನು ನೇರವಾಗಿ ಮುಟ್ಟಿದರೆ ಕಬ್ಬಿಣವೇ ಬೇಗ ಸವೆಯುವುದರಿಂದ ನಡುವೆ ಹೀಗೊಂದು ತಡೆ ಬೇಕು. ಬೋಲ್ಟಿಗಾಗಿ 25 ಮಿ.ಮೀ. ವ್ಯಾಸ, 316 ದರ್ಜೆಯ ಸ್ಟೀಲು ಎಂದೆಲ್ಲ ಬರೆದು, ಮೂರು ಕಡೆಯಿಂದ ಚಿತ್ರ ಬಿಡಿಸಿ ಮಲ್ಪೆಯ ಒಂದು ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯವರು ಕಾಗದವನ್ನು ಗೌರವದಿಂದ ತೆಗೆದುಕೊಂಡು, ಅದರ ಮೇಲೆ ಚಹಾದ ಲೋಟ ಇಟ್ಟು, "ಸ್ಯಾಂಪಲ್ ಉಂಟಾ?" ಎಂದು ಕೇಳಿದರು. ಹಳೆಯ ಬೋಲ್ಟು ನಡುವೆ ಪೂರ್ತಿ ತೇಯ್ದುಹೋಗಿದೆ, ಉದ್ದ ಮಾತ್ರ ನೋಡಿದರೆ ಸಾಕು ಎಂದು ಹೇಳಿಯೇ ಕೊಟ್ಟೆ.

ಹೇಳಿದ ದಿನಕ್ಕಿಂತ ಮೊದಲೇ ಬೋಲ್ಟು ಸಿದ್ಧವಾಯಿತು. ಕನ್ನಡಿಯಷ್ಟು ನುಣುಪು. ನಡುವಿನಲ್ಲಿ ಮಾತ್ರ, ಹಳೆಯದು ಎಲ್ಲೆಲ್ಲಿ ಎಷ್ಟೆಷ್ಟು ತೇಯ್ದಿತ್ತೋ ಅಲ್ಲಲ್ಲಿ ಅಷ್ಟಷ್ಟೇ ಸಪೂರ. ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ.

"ಇದೇನು ಮಾರಾಯ್ರೆ, ಸೊಂಟ ಬಂದಿದೆಯಲ್ಲ?" ಎಂದೆ.

"ಸ್ಯಾಂಪಲಿನಲ್ಲಿ ಉಂಟಲ್ಲ ಸಾರ್."

"ಅದು ತೇಯ್ದದ್ದು."

"ತೇಯ್ದದ್ದೋ ಮಾಡಿದ್ದೋ ನಮಗೆ ಹೇಗೆ ಗೊತ್ತಾಗಬೇಕು? ಆ ಓರೆ ತೆಗೆಯಲಿಕ್ಕೇ ಅರ್ಧ ದಿನ ಹಿಡಿಯಿತು. ಅದಕ್ಕೆ ಮಜೂರಿ ಸ್ವಲ್ಪ ಜಾಸ್ತಿ."

ಹೆಚ್ಚಿನ ಮಜೂರಿಯ ಬಗ್ಗೆ ನಡೆದ ಚರ್ಚೆಯನ್ನು ಇಲ್ಲಿ ಬರೆಯಲಾರೆ. ಮತ್ತೊಂದು ಬೋಲ್ಟು ನೇರವಾಗಿಯೇ ತಯಾರಾಯಿತು, ಕೀಲ್ ಈಗ ಸದ್ದಿಲ್ಲದೆ ಏರುತ್ತದೆ, ಇಳಿಯುತ್ತದೆ. ಸೊಂಟದ ಬೋಲ್ಟನ್ನು ಗುಜರಿಗೆ ಹಾಕೋಣವೆಂದು ಕೇಳಿದರೆ ಅವರು ಕೊಡಲಿಲ್ಲ. ಎಣ್ಣೆ ಸವರಿ, ಗಾಜಿನ ಕಪಾಟಿನಲ್ಲಿ, ಟ್ರಾಲ್ ಬೋಟುಗಳ ಬಿಡಿಭಾಗಗಳ ಪಕ್ಕಕ್ಕೆ ಇಟ್ಟಿದ್ದಾರೆ. ಇನ್ಯಾರಾದರೂ ಇಂಥ ದೋಣಿಯವರು ಬಂದರೆ ಸ್ಯಾಂಪಲ್ ಹುಡುಕುವ ಕಷ್ಟವಿಲ್ಲವಂತೆ.